ಮುಳುಗದ ಸೂರ್ಯ, ಮುಗಿಯದ ಕೆಲಸ



ನಿಮ್ಮ ಮನೆಯಲ್ಲಿ ದಿನದ ಕೆಲಸ ಮುಗಿಯುವುದು ಎಷ್ಟು ಗಂಟೆಗೆ? ಹೀಗೆ ಕೇಳಿದರೆ ನೀವು ನಗಬಹುದು. 'ಕತ್ತಲಾಗುತ್ತದೆ, ರಾತ್ರಿಯ ಊಟವಾಗುತ್ತದೆ, ಪಾತ್ರೆ ತೊಳೆದು ಒಲೆ ಒರೆಸಿದರೆ ಅಲ್ಲಿಗೆ ಮುಗಿಯಿತು' ಎನ್ನಬಹುದು. ಸರಿ, ಆದರೆ ಕತ್ತಲೆಯೇ ಆಗದ ಊರಿನಲ್ಲಿ ಕೆಲಸ ಮುಗಿಯುವುದು ಯಾವಾಗ? ಯುರೋಪಿನ ಉತ್ತರದ ತುತ್ತತುದಿಯಲ್ಲಿ ಕುಟುಂಬದೊಂದಿಗೆ ಐದು ದಿನ ರಜೆ ಕಳೆದು ಬಂದ ನಾನು, ಈ ಸಲದ ಅಂಕಣದಲ್ಲಿ ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಪ್ರವಾಸದ ಸೊಗಸನ್ನೂ ಹೇಳುತ್ತೇನೆ. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ.

ನನ್ನ ಮಗ ಸ್ವೀಡನ್‌ನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಸೊಸೆಗೂ ಅಲ್ಲೇ ಕೆಲಸ. ಎಂಟು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. 2025ರ ಮೇ ಕೊನೆಯಲ್ಲಿ ನಾವಿಬ್ಬರು ಮಂಗಳೂರಿನಿಂದ ಅವರಲ್ಲಿಗೆ ಹೋದೆವು. ಜೂನ್ 6ರ ಬಕ್ರೀದನ್ನು ಮಕ್ಕಳೊಂದಿಗೆ ಆಚರಿಸಿದೆವು. ಮುಂದಿನ ವಾರ ಶಾಲೆಗೆ ಬೇಸಿಗೆ ರಜೆ ಸಿಕ್ಕಿತು. ಮಗ, ಸೊಸೆ ಇಬ್ಬರೂ ರಜೆ ಹಾಕಿದರು. ಆ ದೇಶದ ಕಾನೂನಿನಲ್ಲಿ ಪ್ರತಿಯೊಬ್ಬ ಉದ್ಯೋಗಿಗೂ ವರ್ಷಕ್ಕೆ ಕನಿಷ್ಠ 25 ದಿನ ರಜೆಯ ಹಕ್ಕಿದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಬೇಸಿಗೆಯಲ್ಲಿ ಸತತ ನಾಲ್ಕು ವಾರ ರಜೆ ಕೇಳಿ ಪಡೆಯಬಹುದು. 'ಎಷ್ಟು ಒಳ್ಳೆಯ ಕಾನೂನು!' ಎಂದು ನಾನು ಹೊಗಳಿದೆ. ಆ ಕಾನೂನು ಆಫೀಸಿನ ಬಾಗಿಲ ತನಕ ಮಾತ್ರ, ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಜೂನ್ ಕೊನೆಯ ವಾರ ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹಿಡಿದೆವು. ನಾವು ಇಳಿಯಬೇಕಾಗಿದ್ದ ಊರು ಅಬಿಸ್ಕೊ. ಹೆಚ್ಚುಕಡಿಮೆ ಹದಿನೇಳು ಗಂಟೆಗಳ ಪ್ರಯಾಣ. ರಾತ್ರಿ ರೈಲು ಎಂಬುದು ಹೆಸರಿಗೆ ಮಾತ್ರ, ಏಕೆಂದರೆ ಉತ್ತರಕ್ಕೆ ಹೋದಷ್ಟೂ ರಾತ್ರಿ ಕರಗುತ್ತಾ ಹೋಯಿತು. ಹನ್ನೊಂದು ಗಂಟೆಗೆ ಮುಸ್ಸಂಜೆಯಂತಿತ್ತು. ಎರಡು ಗಂಟೆಗೆ ಎಚ್ಚರವಾದಾಗ ಕಿಟಕಿಯಾಚೆ ಬೆಳ್ಳಂಬೆಳಗು. ಎರಡೂ ಬದಿಗೆ ಪೈನ್ ಮರಗಳು, ನಡುನಡುವೆ ಕೆರೆಗಳು. ಮುಂದೆ ಹೋದಂತೆ ಮರಗಳೂ ಗಿಡ್ಡವಾದವು.

'ಅಜ್ಜಿ, ಇಲ್ಲಿ ಸೂರ್ಯ ಯಾಕೆ ಮಲಗುವುದಿಲ್ಲ?' ಎಂದು ಮೊಮ್ಮಗ ಕೇಳಿದ. ನಮ್ಮವರು ನಿವೃತ್ತ ಶಿಕ್ಷಕರು. ಬುಟ್ಟಿಯಿಂದ ಕಿತ್ತಳೆ ತೆಗೆದು ಪಾಠ ಶುರು ಮಾಡಿದರು. ಭೂಮಿ ನೆಟ್ಟಗೆ ನಿಂತು ತಿರುಗುವುದಿಲ್ಲ, ಸುಮಾರು ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡು ತಿರುಗುತ್ತದೆ. ಜೂನ್‌ನಲ್ಲಿ ಅದರ ಉತ್ತರದ ತಲೆ ಸೂರ್ಯನ ಕಡೆಗೆ ಬಾಗಿರುತ್ತದೆ. ಆದ್ದರಿಂದ ಭೂಮಿ ಎಷ್ಟು ತಿರುಗಿದರೂ ಆ ಭಾಗ ಬೆಳಕಿನಿಂದ ಆಚೆ ಹೋಗುವುದೇ ಇಲ್ಲ. ಡಿಸೆಂಬರ್‌ನಲ್ಲಿ ಇದರ ತದ್ವಿರುದ್ಧ, ಆಗ ವಾರಗಟ್ಟಲೆ ಸೂರ್ಯೋದಯವೇ ಇರುವುದಿಲ್ಲ. ಈ ಆಟ ಶುರುವಾಗುವ ಗೆರೆಯೇ ಆರ್ಕ್ಟಿಕ್ ವೃತ್ತ, ಅಂದರೆ ಸುಮಾರು 66.5 ಡಿಗ್ರಿ ಉತ್ತರ ಅಕ್ಷಾಂಶ. ಅಬಿಸ್ಕೊ ಇರುವುದು 68 ಡಿಗ್ರಿಗೂ ಮೇಲೆ. ನಮ್ಮ ಮಂಗಳೂರು 13 ಡಿಗ್ರಿಯ ಹತ್ತಿರ. ಪಾಠ ಮುಗಿಯುವಷ್ಟರಲ್ಲಿ ಮೊಮ್ಮಗ ಭೂಮಿಯನ್ನು ಸುಲಿದು ತಿಂದಿದ್ದ.

ದಾರಿಯಲ್ಲಿ ಕಿರುನಾ ಎಂಬ ಪಟ್ಟಣ ಸಿಗುತ್ತದೆ. ಅಲ್ಲಿ ನೆಲದಡಿಯ ದೊಡ್ಡ ಕಬ್ಬಿಣದ ಗಣಿಯಿದೆ. ಗಣಿ ಆಳಕ್ಕೆ ಹೋದಂತೆ ಮೇಲಿನ ನೆಲ ಬಿರುಕು ಬಿಡತೊಡಗಿದ್ದರಿಂದ ಪಟ್ಟಣದ ಕೇಂದ್ರವನ್ನೇ ಕೆಲವು ಕಿಲೋಮೀಟರ್ ಆಚೆ ಸಾಗಿಸುತ್ತಿದ್ದಾರೆ. ನಾವು ಹೋದಾಗ, 1912ರಲ್ಲಿ ಕಟ್ಟಿದ ಅಲ್ಲಿನ ಮರದ ಚರ್ಚನ್ನು ಸಾಗಿಸುವ ಸಿದ್ಧತೆ ನಡೆದಿತ್ತು. ಅದೇ ಆಗಸ್ಟ್ 19 ಮತ್ತು 20ರಂದು 672 ಟನ್ ತೂಕದ ಆ ಕಟ್ಟಡವನ್ನು ಇಡಿಯಾಗಿ ಚಕ್ರಗಳ ಮೇಲೆ ಐದು ಕಿಲೋಮೀಟರ್ ಸಾಗಿಸಿ ಹೊಸ ಜಾಗದಲ್ಲಿಟ್ಟರು. ನಾನು ಮಂಗಳೂರಿನಲ್ಲಿ ಕುಳಿತು ಆ ಚಿತ್ರಗಳನ್ನು ನೋಡಿದೆ. ನೂರು ವರ್ಷಕ್ಕೂ ಹಳೆಯ ಕಟ್ಟಡವನ್ನು ಒಂದು ಬಿರುಕೂ ಬಾರದಂತೆ ಸರಿಸಬೇಕೆಂದು ವರ್ಷಗಟ್ಟಲೆ ಯೋಚಿಸಿದ್ದರಂತೆ. ನಮ್ಮ ಮನೆಗಳಲ್ಲಿ ಕೆಲವು ಅಭ್ಯಾಸಗಳು ಅದಕ್ಕಿಂತಲೂ ಭಾರ!

ಅಬಿಸ್ಕೊದ ಚೆಲುವನ್ನು ಹೇಗೆ ಹೇಳಲಿ? ಎದುರಿಗೆ ಎಪ್ಪತ್ತು ಕಿಲೋಮೀಟರ್ ಉದ್ದದ ಟೋರ್ನೆಟ್ರೆಸ್ಕ್ ಸರೋವರ. ಜೂನ್ ತಿಂಗಳವರೆಗೂ ಅದರ ಮೇಲೆ ಮಂಜುಗಡ್ಡೆ ಉಳಿದಿರುತ್ತದೆ. ಹಿಂದೆ ಎರಡು ಬೆಟ್ಟಗಳ ನಡುವೆ ಯಾರೋ ದೊಡ್ಡ ಬಟ್ಟಲನ್ನು ಒತ್ತಿ ತೆಗೆದಂತಿರುವ ಕಣಿವೆ, ಹಿಮನದಿ ಕೊರೆದದ್ದು. 1909ರಲ್ಲೇ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದಾರೆ. ಸುತ್ತಲಿನ ಬೆಟ್ಟಗಳು ಮೋಡಗಳನ್ನು ತಡೆಯುವುದರಿಂದ ಸ್ವೀಡನ್‌ನಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಇದೂ ಒಂದು. ಇಡೀ ವರ್ಷಕ್ಕೆ ಸುಮಾರು 300ರಿಂದ 350 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜೂನ್ ಒಂದೇ ತಿಂಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಊರಲ್ಲಿ ಕೊಡೆ ಮಡಚಲಾಗದ ಆ ದಿನಗಳಲ್ಲಿ ನಾವು ಅಲ್ಲಿ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತಿದ್ದೆವು.

ನೀವು ಮೊದಲು ಕೇಳುವ ಪ್ರಶ್ನೆ ನನಗೆ ಗೊತ್ತು. ಸೂರ್ಯ ಮುಳುಗದಿದ್ದರೆ ಮಗ್ರಿಬ್ ಯಾವಾಗ? ಇಶಾ ಯಾವಾಗ? ನಾವೂ ಹೊರಡುವ ಮುನ್ನ ವಿಚಾರಿಸಿಕೊಂಡಿದ್ದೆವು. ಒಂದು ದಿನ ಒಂದು ವರ್ಷದಷ್ಟು ದೀರ್ಘವಾಗುವ ಕಾಲದ ಬಗ್ಗೆ ಪ್ರವಾದಿವರ್ಯರು(ಸ) ಹೇಳಿದಾಗ, ಆ ದಿನ ಒಂದೇ ದಿನದ ನಮಾಝ್ ಸಾಕಾಗುತ್ತದೆಯೇ ಎಂದು ಅನುಚರರು ಕೇಳಿದ್ದರು. ಸಾಲದು, ಸಮಯವನ್ನು ಅಂದಾಜು ಮಾಡಿಕೊಳ್ಳಬೇಕು ಎಂಬುದು ಅವರ ಉತ್ತರವಾಗಿತ್ತು. ಇದರ ಆಧಾರದಲ್ಲಿ ವಿದ್ವಾಂಸರು, ರಾತ್ರಿ ಹಗಲು ಬೇರೆಯಾಗುವ ಹತ್ತಿರದ ಪ್ರದೇಶದ ವೇಳೆಯನ್ನೋ ಮಕ್ಕಾದ ವೇಳೆಯನ್ನೋ ಅನುಸರಿಸಲು ಹೇಳುತ್ತಾರೆ. ನಾವು ಸ್ಟಾಕ್‌ಹೋಮ್‌ನ ವೇಳಾಪಟ್ಟಿಯನ್ನು ಅನುಸರಿಸಿದೆವು. ಮಗ ಅದನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದ. ಆಕಾಶ ಏನು ಹೇಳಿದರೂ ಸರಿ, ಗಡಿಯಾರ ನೋಡಿ ನಮಾಝ್‌ಗೆ ನಿಂತೆವು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾವು ಇಳಿದುಕೊಂಡದ್ದು ಅಡುಗೆಮನೆ ಇರುವ ಒಂದು ಬಾಡಿಗೆ ಮನೆಯಲ್ಲಿ. ಹಲಾಲ್ ಊಟದ ಚಿಂತೆ ಬೇಡವೆಂದು ಅಕ್ಕಿ, ಬೇಳೆ, ಮಸಾಲೆ, ಮೊಟ್ಟೆ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆವು. ಮೀನು ಅಲ್ಲೇ ಸಿಗುತ್ತಿತ್ತು. ಮೊದಲ ದಿನ ತುಂಬಾ ಖುಷಿಯಲ್ಲಿ ಕಳೆಯಿತು. ಎರಡನೆಯ ದಿನ ಸಂಜೆ ಐದಕ್ಕೆ ಚಹಾ ಕುಡಿದೆವು. ಅಂಗಳದಲ್ಲಿ ಕುರ್ಚಿ ಹಾಕಿ ಸರೋವರ ನೋಡುತ್ತಾ ಕುಳಿತೆವು. ಸ್ವಲ್ಪ ಹೊತ್ತಾದ ಮೇಲೆ ನಾನು, 'ಮಗಳೇ, ಸಂಜೆಯ ಚಹಾ ಆಗಲಿಲ್ಲವಲ್ಲ' ಎಂದೆ. ಸೊಸೆ ಏನೂ ಹೇಳದೆ ಚಹಾ ತಂದಳು. ಆಗ ಗಂಟೆ ಎಂಟಾಗಿತ್ತು. ಮಕ್ಕಳು ಚೆಂಡು ಆಡುತ್ತಿದ್ದರು, ಊಟಕ್ಕೆ ಕರೆದರೆ 'ಇನ್ನೂ ಹಗಲು' ಎನ್ನುತ್ತಿದ್ದರು. ಅವರಿಗೊಮ್ಮೆ, ನಮಗೊಮ್ಮೆ ಎಂದು ಊಟ ಎರಡು ಸುತ್ತಿನಲ್ಲಿ ನಡೆಯಿತು. ಆಮೇಲೆ ನಮ್ಮವರಿಗೂ ಬಿಸಿಲು ನೋಡಿ ಚಹಾದ ಆಸೆಯಾಯಿತು. ಮೂರನೆಯ ಚಹಾವೂ ಬಂತು. ಆಕಾಶದಲ್ಲಿ ಸಂಜೆ ಮುಗಿಯದಿದ್ದರೆ ನಮ್ಮ ಸಂಜೆಯ ಚಹಾವೂ ಮುಗಿಯುವುದಿಲ್ಲ ತಾನೆ?

ಆ ರಾತ್ರಿ ನಿದ್ದೆ ಬರಲಿಲ್ಲ. ಪರದೆಯ ಸಂದಿಯಿಂದ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ನೀರು ಕುಡಿಯಲೆಂದು ಎದ್ದು ಹೋದೆ. ಅಡುಗೆಮನೆಯ ಕಿಟಕಿ ಉತ್ತರಕ್ಕಿತ್ತು. ಸರೋವರದ ಆಚೆ ಬೆಟ್ಟದ ಮೇಲೆ ಸೂರ್ಯ ಚಿನ್ನದ ನಾಣ್ಯದಂತೆ ನಿಂತಿದ್ದ. ಆ ಬೆಳಕಿನಲ್ಲಿ ಸೊಸೆ ಸಿಂಕಿನ ಮುಂದೆ ನಿಂತು ಪಾತ್ರೆ ಉಜ್ಜುತ್ತಿದ್ದಳು. ಪಕ್ಕದಲ್ಲಿ ಮರುದಿನಕ್ಕೆ ಕಲಸಿಟ್ಟ ಚಪಾತಿ ಹಿಟ್ಟು. ಗೋಡೆಯ ಗಡಿಯಾರ ನೋಡಿದೆ, 11 ಗಂಟೆ 40 ನಿಮಿಷ. ಬೆಳಗ್ಗೆ ಏಳಕ್ಕೆ ಎದ್ದವಳು ಅವಳು. ನನ್ನ ಹೆಜ್ಜೆ ಸಪ್ಪಳ ಕೇಳಿ ತಿರುಗಿದಳು. 'ಏನು ಮಾಮಿ, ನಿದ್ದೆ ಬರಲಿಲ್ವಾ? ಚಹಾ ಮಾಡ್ಲಾ?' ಎಂದಳು.

ಸಹೋದರಿಯರೇ, ಅವಳು ಸಿಟ್ಟಿನಿಂದ ಕೇಳಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ನಿಜವಾಗಿ ಕೇಳಿದ್ದಳು. ಅದೇ ಗೋಡೆಯಲ್ಲಿ ನಮಾಝ್ ವೇಳೆಯ ಕಾಗದ ಅಂಟಿಕೊಂಡಿತ್ತು. ಸೂರ್ಯ ಸಮಯ ಹೇಳದಿದ್ದರೆ ನಾವೇ ಸಮಯ ನಿಗದಿ ಮಾಡಿಕೊಳ್ಳಬೇಕೆಂದು ಅಷ್ಟು ಎಚ್ಚರದಿಂದ ಬರೆದುಕೊಂಡ ನಮಗೆ, ಅವಳ ಕೆಲಸಕ್ಕೂ ಒಂದು ಗಡಿ ಬೇಕೆಂದು ಯಾಕೆ ಹೊಳೆಯಲಿಲ್ಲ?

ಮರುದಿನ ಬೆಳಗ್ಗೆ ಎಲ್ಲರೂ 'ಕುಂಗ್ಸ್‌ಲೇಡೆನ್' ಎಂಬ ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆದೆವು. 'ರಾಜಮಾರ್ಗ' ಎಂದು ಅದರ ಅರ್ಥ. ಅಬಿಸ್ಕೊದಿಂದ ಶುರುವಾಗಿ ದಕ್ಷಿಣಕ್ಕೆ 440 ಕಿಲೋಮೀಟರಿಗೂ ಉದ್ದ ಹೋಗುತ್ತದೆ. ದಾರಿಯುದ್ದಕ್ಕೂ ಒಂದು ದಿನದ ನಡಿಗೆಗೊಂದರಂತೆ ಹೆಚ್ಚಿನ ಕಡೆ ಸಣ್ಣ ತಂಗುಮನೆಗಳಿವೆ. ಮಗ ಹಿಂದೊಮ್ಮೆ ಗೆಳೆಯರೊಂದಿಗೆ ಅದರಲ್ಲಿ ನಾಲ್ಕು ದಿನ ನಡೆದಿದ್ದ. ಆ ಮನೆಗಳಲ್ಲಿ ಕೆಲಸದಾಳುಗಳಿಲ್ಲ. ಬಂದವರೇ ತೊರೆಯಿಂದ ನೀರು ಹೊರಬೇಕು, ಸೌದೆ ಸೀಳಬೇಕು, ಬೇಯಿಸಿ ತಿಂದು ಪಾತ್ರೆ ತೊಳೆಯಬೇಕು, ಹೊರಡುವಾಗ ನೆಲ ಗುಡಿಸಬೇಕು. ಸೌದೆಯನ್ನೂ ನೀರನ್ನೂ ಮುಂದೆ ಬರುವವರಿಗೂ ತುಂಬಿಸಿಟ್ಟು ಹೋಗುವುದು ವಾಡಿಕೆ. ದೊಡ್ಡ ಅಧಿಕಾರಿಯಾದರೂ ಅಷ್ಟೇ, ವಿದ್ಯಾರ್ಥಿಯಾದರೂ ಅಷ್ಟೇ. ಮಗ ಇದನ್ನೆಲ್ಲ ತಂದೆಗೆ ಬಹಳ ಅಭಿಮಾನದಿಂದ ವರ್ಣಿಸುತ್ತಿದ್ದ.

'ಹಾಗಾದರೆ ನಿನಗೆ ಪಾತ್ರೆ ತೊಳೆಯಲು ಬರುತ್ತದೆ ಅನ್ನು' ಎಂದೆ ನಾನು. ಅವನು ನಕ್ಕು ಸುಮ್ಮನಾದ. ಉತ್ತರ ಕೊಟ್ಟದ್ದು ಮೊಮ್ಮಗಳು. 'ಅಜ್ಜಿ, ನೀವು ಬರುವ ಮೊದಲು ನಮ್ಮ ಮನೆಯಲ್ಲಿ ಪಪ್ಪನೇ ಪಾತ್ರೆ ತೊಳೆಯುತ್ತಿದ್ದದ್ದು. ನೀವು ಬಂದ ಮೇಲೆ ಬಿಟ್ಟಿದ್ದಾರೆ.'

ಸೊಸೆ ಮುಖ ಬೆಟ್ಟದ ಕಡೆಗೆ ತಿರುಗಿಸಿದಳು. ನನಗೆ ಎಲ್ಲವೂ ನೆನಪಾಯಿತು. ನಾವು ಬಂದ ಮೊದಲ ವಾರ ಊಟವಾದ ಮೇಲೆ ಮಗ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋಗಿದ್ದ. 'ನೀನ್ಯಾಕೆ? ಬಿಡು, ದಣಿದು ಬಂದಿದ್ದೀಯ' ಎಂದವಳು ನಾನೇ. ಅದೇ ಹೊತ್ತಿಗೆ ಅಷ್ಟೇ ದಣಿದು ಆಫೀಸಿನಿಂದ ಬಂದಿದ್ದ ಸೊಸೆ ಅವನ ಕೈಯಿಂದ ತಟ್ಟೆ ತೆಗೆದುಕೊಂಡಳು. ಎರಡು ಸಲ ಹಾಗಾಯಿತು. ಮೂರನೆಯ ಸಲ ಅವನು ಏಳಲೇ ಇಲ್ಲ. ಅವರಿಬ್ಬರು ಆರು ವರ್ಷದಲ್ಲಿ ಕಟ್ಟಿಕೊಂಡಿದ್ದ ಒಂದು ಒಳ್ಳೆಯ ಅಭ್ಯಾಸವನ್ನು ನಾನು ಒಂದು ವಾರದಲ್ಲಿ, ಅದೂ ಪ್ರೀತಿಯ ಹೆಸರಿನಲ್ಲಿ ಮುರಿದಿದ್ದೆ. ಪ್ರವಾದಿವರ್ಯರು(ಸ) ಮನೆಕೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರೆಂದು ಅವನಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳೂ ನಾನೇ.

ಆ ಮಧ್ಯಾಹ್ನ ನಾರ್ವೆಯ ನಾರ್ವಿಕ್ ಪಟ್ಟಣಕ್ಕೆ ಹೋಗುವ ಕಾರ್ಯಕ್ರಮವಿತ್ತು. ಬಾಡಿಗೆ ಕಾರಿನಲ್ಲಿ ಹೊರಟೆವು. ದಾರಿ ಬದಿಯಲ್ಲೇ ರೈಲು ಹಳಿ. ಕಿರುನಾದ ಅದಿರನ್ನು ಸಮುದ್ರಕ್ಕೆ ಸಾಗಿಸುವ ಹಳಿ ಅದು. ಸ್ವೀಡನ್‌ನ ಪೂರ್ವದ ಬಂದರುಗಳು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತವೆ. ಅಟ್ಲಾಂಟಿಕ್ ಸಾಗರದ ಬೆಚ್ಚಗಿನ ಪ್ರವಾಹದಿಂದಾಗಿ ನಾರ್ವಿಕ್ ಮಾತ್ರ ಅಷ್ಟು ಉತ್ತರದಲ್ಲಿದ್ದರೂ ಹೆಪ್ಪುಗಟ್ಟುವುದಿಲ್ಲ. ಅದಕ್ಕಾಗಿಯೇ ಬೆಟ್ಟ ಕೊರೆದು ಹಳಿ ಹಾಕಿ 1903ರಲ್ಲಿ ಉದ್ಘಾಟಿಸಿದರು. 68 ವ್ಯಾಗನ್‌ಗಳ, ಮುಕ್ಕಾಲು ಕಿಲೋಮೀಟರ್ ಉದ್ದದ ಅದಿರು ರೈಲು ಪಕ್ಕದಲ್ಲೇ ಹಾದುಹೋಯಿತು. ಮೊಮ್ಮಕ್ಕಳು ಎಣಿಸಿ ಸುಸ್ತಾದರು. 2005ರ ಕೊನೆಯವರೆಗೆ ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ನಮ್ಮ ಪಣಂಬೂರಿಗೆ ಬರುತ್ತಿದ್ದುದನ್ನು ನಮ್ಮವರು ಅವರಿಗೆ ಹೇಳಿದರು.

ಗಡಿ ಸಿಗುವ ಮೊದಲು ಟೋರ್ನೆಹಾಮ್ನ್ ಎಂಬಲ್ಲಿ ಕಾರು ನಿಲ್ಲಿಸಿದೆವು. ಸರೋವರದ ಮೇಲಿನ ಇಳಿಜಾರಿನಲ್ಲಿ ಬಿಳಿ ಮರದ ಶಿಲುಬೆಗಳ ಒಂದು ಸಣ್ಣ ಸ್ಮಶಾನ. ಹಳಿ ಹಾಕುವಾಗ ರೋಗ, ಅಪಘಾತಗಳಲ್ಲಿ ಸತ್ತ ಕಾರ್ಮಿಕರದು. ಆ ಗಂಡಸರ ನಡುವೆ ಒಬ್ಬ ಹೆಣ್ಣಿನ ಸಮಾಧಿ. ಶಿಲುಬೆಯ ಮೇಲೆ ಎರಡೇ ಪದ: 'ಅನ್ನಾ, ನಾರ್ವೆ'. ಪೂರ್ತಿ ಹೆಸರೂ ಇಲ್ಲ. ಜನರ ಕಥೆಯ ಪ್ರಕಾರ ಆಕೆ ಕಾರ್ಮಿಕರ ಅಡುಗೆಯವಳು. 'ಕಪ್ಪು ಕರಡಿ' ಎಂಬುದು ಅಭಿಮಾನದ ಅಡ್ಡಹೆಸರು. ಅವಳಂಥ ಅಡುಗೆಯವರು ಆ ಕೊರೆಯುವ ಚಳಿಯಲ್ಲಿ ಒಂದೊಂದು ತಂಡದ ಗಂಡಸರಿಗೆ ಬೇಯಿಸಿ ಹಾಕಿ, ಬಟ್ಟೆ ಒಗೆದು, ಗುಡಿಸಲು ನೋಡಿಕೊಳ್ಳುತ್ತಿದ್ದರು. ನಾರ್ವಿಕ್‌ನಲ್ಲಿ ಈಗಲೂ ಪ್ರತಿ ವರ್ಷ ಚಳಿಗಾಲದ ಉತ್ಸವದಲ್ಲಿ ಅವಳ ಹೆಸರಿನಲ್ಲಿ ಒಬ್ಬ ಮಹಿಳೆಯನ್ನು ಆರಿಸಿ ಗೌರವಿಸುತ್ತಾರೆ. ಹಳಿಯ ಲೆಕ್ಕ ಪುಸ್ತಕಗಳಲ್ಲಿದೆ, ಎಂಜಿನಿಯರುಗಳ ಹೆಸರಿದೆ. ಬೇಯಿಸಿ ಹಾಕಿದವಳು ಮಾತ್ರ ಬರೀ ಅನ್ನಾ. ಸೊಸೆ ಆ ಸಮಾಧಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. 'ಮಗಳೇ, ತಪ್ಪು ನನ್ನದು' ಎಂದೆ. 'ಬಿಡಿ ಮಾಮಿ' ಎಂದಳು. ಕಣ್ಣು ತುಂಬಿತ್ತು.

ಹಿಂದಿರುಗುವಾಗ ರಸ್ತೆಗಡ್ಡ ಹಿಮಸಾರಂಗಗಳ ಹಿಂಡು. ಇವುಗಳನ್ನು ಸಾಕುವವರು ಸಾಮಿ ಜನರು. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್, ರಷ್ಯಗಳಲ್ಲಿ ಹಂಚಿಹೋಗಿರುವ ಅಲ್ಲಿನ ಮೂಲನಿವಾಸಿಗಳು. ಅವರನ್ನು ಗಡಿಗಳಾಚೆ ಮೊದಲ ಬಾರಿಗೆ ಒಂದೆಡೆ ಸೇರಿಸಿದ 1917ರ ಫೆಬ್ರವರಿ 6ರ ಸಭೆಯ ಮುಂದಾಳು ಎಲ್ಸಾ ಲಾವುಲಾ ರೆನ್‌ಬರ್ಗ್ ಎಂಬ ಮಹಿಳೆ. ಸೂಲಗಿತ್ತಿಯ ತರಬೇತಿ ಪಡೆದಿದ್ದವಳು, ಮಕ್ಕಳೊಂದಿಗ. ಆ ದಿನವೇ ಇಂದು ಸಾಮಿಗಳ ರಾಷ್ಟ್ರೀಯ ದಿನ. ಇನ್ನೊಂದು ಸಂಗತಿ ಕೇಳಿ. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬಿರುವುದು ಹಿಮಸಾರಂಗಕ್ಕೆ ಮಾತ್ರ. ಗಂಡು ಚಳಿಗಾಲದ ಆರಂಭದಲ್ಲೇ ಕೊಂಬು ಉದುರಿಸಿಕೊಳ್ಳುತ್ತದೆ. ಬಸುರಿ ಹೆಣ್ಣು ಮರಿ ಹಾಕುವ ತನಕ ಉಳಿಸಿಕೊಳ್ಳುತ್ತದೆ. ಹಿಮ ಕೆದಕಿ ಹುಡುಕಿದ ಆಹಾರವನ್ನು ಬೇರೆಯವರು ಕಸಿಯದಂತೆ ಕಾಯಲು ಅದಕ್ಕೆ ಆಗ ಕೊಂಬು ಬೇಕು. ಅಲ್ಲಾಹನ ಏರ್ಪಾಡು ನೋಡಿ!

ಆ ಸಂಜೆ ನಾನು ಇನ್ನೊಂದು ಕಾಗದ ಬರೆದೆ. ನಮಾಝ್ ವೇಳೆಯ ಪಕ್ಕದಲ್ಲೇ ಅಂಟಿಸಿದೆ. ಬೆಳಗಿನ ತಿಂಡಿ ನಮ್ಮವರದು. ಪಾತ್ರೆ ಮಗನದು. ಮೇಜು ಒರೆಸುವುದು ಮೊಮ್ಮಕ್ಕಳು. ಮಧ್ಯಾಹ್ನದ ಅಡುಗೆ ನಾನು. ರಾತ್ರಿಯ ಅಡುಗೆ ಸೊಸೆ, ಮಗ ಇಬ್ಬರೂ ಸೇರಿ. ಸಂಜೆಗೆ ಒಂದೇ ಚಹಾ. ರಾತ್ರಿ ಒಂಬತ್ತಕ್ಕೆ ಅಡುಗೆಮನೆ ಬಂದ್, ಸೂರ್ಯ ಎಲ್ಲಿದ್ದರೂ ಸರಿ. ಒಂಬತ್ತಾದ ಕೂಡಲೇ ಮೊಮ್ಮಗ ಓಡಿಹೋಗಿ ಪರದೆ ಎಳೆದು 'ರಾತ್ರಿಯಾಯಿತು' ಎಂದು ಸಾರುತ್ತಿದ್ದ. ನಾಲ್ವತ್ತು ವರ್ಷದಲ್ಲಿ ಮೊದಲ ಬಾರಿಗೆ ನಮ್ಮವರು ಮಾಡಿದ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ಯಾರೂ ಹೇಳಲಿಲ್ಲ. ಸೊಸೆ ಎಂಟು ಗಂಟೆಯವರೆಗೆ ಮಲಗಿದಳು. ಎದ್ದು ಬಂದು ಬಿಸಿ ಉಪ್ಪಿಟ್ಟು ನೋಡಿ ಏನು ಹೇಳಬೇಕೆಂದು ತಿಳಿಯದೆ ನಿಂತಳು. ಅವಳ ರಜೆ ಶುರುವಾದದ್ದು ಆ ದಿನ. ನಮ್ಮದು ಮುಗಿಯಲು ಇನ್ನು ಒಂದೇ ದಿನ ಉಳಿದಿತ್ತು.

ನಿಮ್ಮ ಮಕ್ಕಳೂ ಆ ಕಡೆ ಇರಬಹುದು, ನಿಮಗೂ ಹೋಗುವ ಅವಕಾಶ ಬರಬಹುದು. ಜೂನ್‌ನಲ್ಲೂ ದಪ್ಪ ಜಾಕೆಟ್ ಒಯ್ಯಿರಿ, ಹತ್ತು ಡಿಗ್ರಿಗೂ ಕೆಳಗೆ ಹೋಗುವುದುಂಟು. ಮಲಗುವಾಗ ಕಣ್ಣಿಗೆ ಕಟ್ಟುವ ಕಪ್ಪು ಪಟ್ಟಿ ಬೇಕೇ ಬೇಕು. ಜೂನ್ ಕೊನೆಯಿಂದ ಸೊಳ್ಳೆ ಬಹಳ. ನಲ್ಲಿಯ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ. ಪ್ರವಾಸದ ಷೆಂಗೆನ್ ವೀಸಾದಲ್ಲಿ 180 ದಿನಗಳೊಳಗೆ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಹೊರಡುವ ಮುನ್ನ ನಮಾಝ್ ವೇಳೆಯನ್ನು ಬರೆದುಕೊಳ್ಳಿ. ಅದರ ಕೆಳಗೆ ಅಡುಗೆಮನೆ ಮುಚ್ಚುವ ವೇಳೆಯನ್ನೂ ಬರೆಯಿರಿ.

ಮಂಗಳೂರಿಗೆ ಮರಳಿದ ಮೇಲೆ ನಮ್ಮವರ ಉಪ್ಪಿಟ್ಟು ಎರಡು ಶುಕ್ರವಾರ ನಡೆಯಿತು, ಆಮೇಲೆ ನಿಂತಿತು. ಮತ್ತೆ ನೆನಪಿಸಬೇಕು, ನೆನಪಿಸುತ್ತೇನೆ. ಹಳೆಯ ಕಟ್ಟಡವನ್ನು ಒಂದೇ ದಿನದಲ್ಲಿ ಸರಿಸಲಾಗುವುದಿಲ್ಲ. ಮಗನ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆಂದು ನಾನು ಫೋನಿನಲ್ಲಿ ಕೇಳುವುದಿಲ್ಲ. ಮೊಮ್ಮಗಳು ತಾನಾಗಿಯೇ ವರದಿ ಕೊಡುತ್ತಾಳೆ.

ನಮ್ಮಲ್ಲಿ ಸೂರ್ಯ ದಿನವೂ ತಪ್ಪದೆ ಮುಳುಗುತ್ತಾನೆ. ಆದರೂ ಎಷ್ಟು ಅಡುಗೆಮನೆಗಳಲ್ಲಿ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಒಬ್ಬಳು ಒಂಟಿಯಾಗಿ ಸಿಂಕಿನ ಮುಂದೆ ನಿಂತಿರುತ್ತಾಳೆ, ಒಮ್ಮೆ ಎದ್ದು ಹೋಗಿ ನೋಡಿ. ನನ್ನಂತೆ ಅತ್ತೆಯಾಗಿರುವ ಸಹೋದರಿಯರಲ್ಲಿ ನನ್ನ ಕೋರಿಕೆ ಒಂದೇ. ನೀವೇ ಎದ್ದು ಪಾತ್ರೆ ತೊಳೆಯಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಮಗ ಊಟ ಮುಗಿಸಿ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆಗೆ ಹೋದಾಗ, ದಯವಿಟ್ಟು ಸುಮ್ಮನಿರಿ. ಅಷ್ಟು ಸಾಕು.